ಪ್ರವಾದಿ ಪ್ರೇಮವೂ ಧರ್ಮನಿಂದನೆಯ ಕಾನೂನೂ

ನೆರೆಯ ದೇಶದಲ್ಲಿ ಧರ್ಮನಿಂದನೆಯ ಆರೋಪ ಹೊತ್ತವನನ್ನು ಗುಂಪೊಂದು ಕೊಂದ ಸುದ್ದಿ ಬಂದಾಗಲೆಲ್ಲ ಮದ್ರಸದ ತರಗತಿಯಲ್ಲಿ ನಾವು ಎದುರಿಸುವ ಪ್ರಶ್ನೆ ಒಂದೇ: "ಉಸ್ತಾದ್, ಇದು ನಮ್ಮ ಧರ್ಮದ ಕಾನೂನೇ?" ಹೌದು ಎಂದರೆ ಚರಿತ್ರೆಗೆ ಅಪಚಾರ. ಅಲ್ಲ ಎಂದಷ್ಟೇ ಹೇಳಿ ಮುಗಿಸಿದರೆ ನಮ್ಮದೇ ಕರ್ಮಶಾಸ್ತ್ರ ಗ್ರಂಥಗಳಿಗೆ ಅಪಚಾರ. ಆದ್ದರಿಂದ ಈ ಕಾನೂನು ಎಲ್ಲಿಂದ ಬಂತೆಂಬುದನ್ನು ತಾಳ್ಮೆಯಿಂದ ಅರಿಯಬೇಕಾಗಿದೆ.

ದೇವನಿಂದಕನಿಗೆ ಮರಣದಂಡನೆ ಎಂಬ ವಿಧಿ ಇಸ್ಲಾಮಿಗಿಂತಲೂ ಪ್ರಾಚೀನವಾದುದು. ಬೈಬಲಿನ ಯಾಜಕಕಾಂಡದ 24ನೇ ಅಧ್ಯಾಯದಲ್ಲಿ ಅದು ಸ್ಪಷ್ಟವಾಗಿದೆ. ಕ್ರೈಸ್ತ ಯುರೋಪು ಇದನ್ನು ಶತಮಾನಗಳ ಕಾಲ ಜಾರಿಯಲ್ಲಿರಿಸಿತ್ತು. 1697ರಲ್ಲಿ ಎಡಿನ್‌ಬರೋದಲ್ಲಿ ಥಾಮಸ್ ಐಕೆನ್‌ಹೆಡ್ ಎಂಬ ತರುಣ ವಿದ್ಯಾರ್ಥಿಯನ್ನು ಧರ್ಮನಿಂದನೆಗಾಗಿ ಗಲ್ಲಿಗೇರಿಸಲಾಯಿತು. ಇಂಗ್ಲೆಂಡಿನಲ್ಲಿ ಈ ಅಪರಾಧವು ಕಾನೂನಿನಿಂದ ಪೂರ್ಣವಾಗಿ ತೊಲಗಿದ್ದು 2008ರಲ್ಲಿ ಮಾತ್ರ.

ನಮ್ಮ ಉಪಖಂಡದ ಕಾನೂನಿನ ಬೇರು ಇರುವುದೂ ಬ್ರಿಟಿಷರ ಆಡಳಿತದಲ್ಲಿಯೇ. ಮೆಕಾಲೆಯ ಕರಡನ್ನು ಆಧರಿಸಿ 1860ರಲ್ಲಿ ರೂಪುಗೊಂಡ ದಂಡಸಂಹಿತೆಯು ಆರಾಧನಾ ಸ್ಥಳಗಳ ಅಪವಿತ್ರತೆಯನ್ನೂ ಧಾರ್ಮಿಕ ಸಭೆಗಳ ಭಂಗವನ್ನೂ ಅಪರಾಧವೆಂದು ಸಾರಿತು. ಅದು ಯಾವುದೇ ಒಂದು ಧರ್ಮದ ರಕ್ಷಣೆಗಾಗಿ ಹುಟ್ಟಿದ್ದಲ್ಲ. ಬಹುಧರ್ಮೀಯ ನಾಡಿನಲ್ಲಿ ಶಾಂತಿ ಕಾಯುವುದೇ ಅದರ ಉದ್ದೇಶವಾಗಿತ್ತು. 1920ರ ದಶಕದಲ್ಲಿ ಲಾಹೋರಿನ ಪ್ರಕಾಶಕನೊಬ್ಬ ಪ್ರವಾದಿವರ್ಯರನ್ನು(ಸ) ಅವಹೇಳನ ಮಾಡುವ ಪುಸ್ತಿಕೆಯೊಂದನ್ನು ಹೊರತಂದಾಗ, ಇದ್ದ ಕಾನೂನು ಅದಕ್ಕೆ ಅನ್ವಯಿಸದೆಂದು ಹೈಕೋರ್ಟು ಆತನನ್ನು ಬಿಡುಗಡೆ ಮಾಡಿತು. ಮುಸ್ಲಿಮರ ತೀವ್ರ ಪ್ರತಿಭಟನೆಯ ಬಳಿಕ 1927ರಲ್ಲಿ 295-ಎ ಸೆಕ್ಷನ್ ಸೇರ್ಪಡೆಯಾಯಿತು. ಉದ್ದೇಶಪೂರ್ವಕವಾದ, ದ್ವೇಷಪೂರಿತವಾದ ಅವಮಾನಕ್ಕೆ ಮಾತ್ರ ಅದು ಅನ್ವಯಿಸುತ್ತಿತ್ತು. ಶಿಕ್ಷೆ ಗರಿಷ್ಠ ಎರಡು ವರ್ಷ. ಧರ್ಮದ ಬಗ್ಗೆ ಪ್ರಾಮಾಣಿಕ ವಿಮರ್ಶೆ ಮಾಡುವವರಿಗೆ ರಕ್ಷಣೆ ಇರಲೇಬೇಕೆಂದು ಅಂದು ಶಾಸನಸಭೆಯಲ್ಲಿ ಎಚ್ಚರಿಸಿದವರು ಬೇರೆ ಯಾರೂ ಅಲ್ಲ, ಮುಹಮ್ಮದ್ ಅಲಿ ಜಿನ್ನಾ.

ಅದೇ ಜಿನ್ನಾ ಸ್ಥಾಪಿಸಿದ ದೇಶದಲ್ಲಿ ಮುಂದೆ ನಡೆದುದೇನು? ಜನರಲ್ ಝಿಯಾವುಲ್ ಹಕ್‌ರ ಸೇನಾಡಳಿತದಿಂದ ಆರಂಭಗೊಂಡು 1980 ಮತ್ತು 1986ರ ನಡುವೆ ಹೊಸ ಸೆಕ್ಷನ್‌ಗಳು ಒಂದೊಂದಾಗಿ ಸೇರಿದವು. 1986ರ 295-ಸಿ ಸೆಕ್ಷನ್ ಪ್ರವಾದಿನಿಂದನೆಗೆ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ವಿಧಿಸಿತು. 1990ರಲ್ಲಿ ಫೆಡರಲ್ ಶರೀಅತ್ ನ್ಯಾಯಾಲಯವು ಜೀವಾವಧಿಯ ಆಯ್ಕೆಯೂ ಸಲ್ಲದೆಂದು ತೀರ್ಪಿತ್ತಿತು. 295-ಎಯಲ್ಲಿದ್ದ 'ಉದ್ದೇಶಪೂರ್ವಕ' ಎಂಬ ಪದ 295-ಸಿಯಲ್ಲಿ ಇಲ್ಲ. ಶಿಕ್ಷೆ ಏರಿತು, ರಕ್ಷಣೆ ಇಳಿಯಿತು.

ಇದರ ಪರಿಣಾಮಕ್ಕೆ ಆಸಿಯಾ ಬೀಬಿಯ ಪ್ರಕರಣ ಸಾಕ್ಷಿ. 2009ರಲ್ಲಿ ಹೊಲದಲ್ಲಿ ಕುಡಿಯುವ ನೀರಿನ ವಿಷಯದಲ್ಲಿ ಜತೆಗಾರ್ತಿಯರೊಡನೆ ನಡೆದ ಜಗಳವು ಆ ಕ್ರೈಸ್ತ ಕೂಲಿ ಮಹಿಳೆಯನ್ನು ಮರಣದಂಡನೆಯವರೆಗೆ ಒಯ್ದಿತು. ಆಕೆಯ ಪರವಾಗಿ ಮಾತನಾಡಿದ ಪಂಜಾಬ್ ಗವರ್ನರ್ ಸಲ್ಮಾನ್ ತಾಸೀರ್‌ರನ್ನು 2011ರಲ್ಲಿ ಅವರ ಅಂಗರಕ್ಷಕನೇ ಗುಂಡಿಕ್ಕಿ ಕೊಂದ. 2018ರಲ್ಲಿ ಸುಪ್ರೀಂ ಕೋರ್ಟ್ ಆಕೆಯನ್ನು ದೋಷಮುಕ್ತಗೊಳಿಸಿತು. ಪ್ರವಾದಿವರ್ಯರ(ಸ) ಹೆಸರಿನಲ್ಲಿ ಸತ್ಯದೊಂದಿಗೆ ಸುಳ್ಳನ್ನು ಬೆರೆಸುವುದೂ ನಿಂದನೆಗಿಂತ ಕಡಿಮೆಯಲ್ಲವೆಂದು ನ್ಯಾಯಮೂರ್ತಿ ಆಸಿಫ್ ಸಈದ್ ಖೋಸಾ ಆ ತೀರ್ಪಿನಲ್ಲಿ ಬರೆದುದನ್ನು ನಾವು ಮರೆಯಲಾಗದು.

ಇನ್ನು ಧರ್ಮದ ಮೂಲಗಳತ್ತ ಬರೋಣ. ಅಲ್ಲಾಹನ ವಚನಗಳನ್ನು ಗೇಲಿ ಮಾಡುವವರ ವಿಚಾರವಾಗಿ ಸೂರಃ ಅನ್ನಿಸಾದ 140ನೇ ಸೂಕ್ತವು ವಿಶ್ವಾಸಿಗಳಿಗೆ ಆದೇಶಿಸಿರುವುದು, ಅವರು ಬೇರೆ ಮಾತಿಗೆ ತೊಡಗುವವರೆಗೆ ಅವರೊಡನೆ ಕೂರಬಾರದೆಂದು. ಇತರರ ಆರಾಧ್ಯರನ್ನು ನಿಂದಿಸಬಾರದೆಂದು ಸೂರಃ ಅಲ್‌ಅನ್‌ಆಮ್‌ನ 108ನೇ ಸೂಕ್ತ ನಮ್ಮನ್ನೇ ತಡೆಯುತ್ತದೆ. ಸಲಾಮಿನ ನೆಪದಲ್ಲಿ ಪ್ರವಾದಿವರ್ಯರಿಗೆ(ಸ) ಮರಣವನ್ನು ಹಾರೈಸಿದವರಿಗೆ ಹಝ್ರತ್ ಆಯಿಶಾ(ರ) ಸಿಟ್ಟಿನಿಂದ ಉತ್ತರಿಸಿದಾಗ, ಪ್ರವಾದಿವರ್ಯರು(ಸ) ಪತ್ನಿಗೆ ಮೃದುತ್ವವನ್ನು ಬೋಧಿಸಿದರು. ತಮ್ಮ ವಿರುದ್ಧ ಕಾವ್ಯ ಕಟ್ಟಿ ಹೀಯಾಳಿಸಿದ್ದ ಕಅಬ್ ಬಿನ್ ಝುಹೈರ್ ಪಶ್ಚಾತ್ತಾಪದಿಂದ ಮದೀನಾಕ್ಕೆ ಬಂದಾಗ ತಮ್ಮ ಮೇಲುಹೊದಿಕೆಯನ್ನೇ ಅವರಿಗಿತ್ತರು.

ಕಅಬ್ ಬಿನ್ ಅಶ್ರಫ್‌ನ ವಧೆಯ ಮಾತೇನು ಎಂದು ಕೆಲವರು ಕೇಳುವುದುಂಟು. ಆತ ಬದ್ರ್‌ನ ನಂತರ ಮಕ್ಕಾಕ್ಕೆ ಹೋಗಿ ಶತ್ರುಗಳನ್ನು ಮದೀನಾದ ವಿರುದ್ಧ ಯುದ್ಧಕ್ಕೆ ಪ್ರಚೋದಿಸಿದವನು. ಅವನ ಪದ್ಯಗಳನ್ನಷ್ಟೇ ನೆನೆದು ಈ ದ್ರೋಹವನ್ನು ಮರೆಯುವುದು ಸರಿಯಲ್ಲ.

ನಂತರದ ಕಾಲದ ಬಹುಪಾಲು ಇಮಾಮರು ಪ್ರವಾದಿನಿಂದನೆಗೆ ಮರಣದಂಡನೆಯನ್ನು ವಿಧಿಸಿದ್ದಾರೆ. ಇದನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. ಆದರೆ ಇಮಾಮ್ ಅಬೂ ಹನೀಫಾರ(ರಹ್) ನಿಲುವು ಭಿನ್ನವಾಗಿತ್ತು. ಮುಸ್ಲಿಮೇತರ ಪ್ರಜೆಯ ಶಿರ್ಕೇ ಅವನಿಗಿತ್ತ ರಕ್ಷಣೆಯ ಕರಾರನ್ನು ಮುರಿಯದಿರುವಾಗ ಅದಕ್ಕಿಂತ ಕಿರಿದಾದ ನಿಂದನೆಯೂ ಮುರಿಯದು ಎಂಬುದು ಹನಫೀ ವಾದ. ಅಂಥವನಿಗೆ ಆಡಳಿತವು ತಕ್ಕ ಶಿಸ್ತಿನ ಶಿಕ್ಷೆ ಕೊಡಬಹುದು. ನಿಂದಿಸಿದ ಮುಸ್ಲಿಮನ ಪಶ್ಚಾತ್ತಾಪವನ್ನು ಸ್ವೀಕರಿಸಬೇಕೆಂದು ಹನಫೀ ವಿದ್ವಾಂಸ ಇಬ್ನು ಆಬಿದೀನ್(ರಹ್) ಗ್ರಂಥವನ್ನೇ ಬರೆದರು. ಹನಫಿಗಳೇ ಬಹುಸಂಖ್ಯಾತರಾಗಿರುವ ಪಾಕಿಸ್ತಾನದ ಕಾನೂನಿನಲ್ಲಿ ಈ ನಿಲುವಿಗೆ ಸ್ಥಾನ ಸಿಗಲಿಲ್ಲವೆಂಬುದು ವಿಷಾದನೀಯ. ಶಿಕ್ಷೆ ವಿಧಿಸುವ ಅಧಿಕಾರ ನ್ಯಾಯಾಧೀಶನದೇ ಹೊರತು ಬೀದಿಯಲ್ಲಿ ನೆರೆದ ಗುಂಪಿನದಲ್ಲ ಎಂಬುದನ್ನಂತೂ ನಮ್ಮ ಮಕ್ಕಳಿಗೆ ನಾವು ಮೊದಲು ಕಲಿಸಬೇಕು.

ಇದು ನೆರೆಯ ದೇಶದ ಕಥೆ ಮಾತ್ರವೇ? 2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಗಳಲ್ಲಿ ನಡೆದುದನ್ನು ನೆನೆಯೋಣ. ಪ್ರವಾದಿವರ್ಯರನ್ನು(ಸ) ಹೀಯಾಳಿಸಿದ ಒಂದು ಫೇಸ್‌ಬುಕ್ ಪೋಸ್ಟ್, ಅದರ ಬೆನ್ನಿಗೇ ಕಲ್ಲು ಮತ್ತು ಬೆಂಕಿ. ಪೊಲೀಸರ ಗುಂಡಿಗೆ ಮೂವರು ಬಲಿಯಾದರು. ನೂರಾರು ಮಂದಿ ಬಂಧಿತರಾದರು. ಎಷ್ಟೋ ತಾಯಂದಿರು ಜೈಲಿನ ಬಾಗಿಲಲ್ಲಿ ಕಾದರು. ಪೋಸ್ಟ್ ಹಾಕಿದವನನ್ನು ಪೊಲೀಸರು ಬಂಧಿಸಿದರು. 1927ರ ಆ ಸೆಕ್ಷನ್ ಇಂದು ಭಾರತೀಯ ನ್ಯಾಯ ಸಂಹಿತೆಯ 299ನೇ ಸೆಕ್ಷನ್ ಆಗಿ ಉಳಿದಿದೆ. ದೂರು ನೀಡುವ ದಾರಿ ತೆರೆದಿದೆ. ಹಾಗಿರುವಾಗ ಆ ಬೆಂಕಿ ಸಾಧಿಸಿದ್ದೇನು? ಅದೇ ರಾತ್ರಿ ದೇವಸ್ಥಾನವೊಂದರ ಸುತ್ತ ಕೈಕೈ ಹಿಡಿದು ಕಾವಲು ನಿಂತವರೂ ನಮ್ಮ ಹುಡುಗರೇ. ಪ್ರವಾದಿವರ್ಯರ(ಸ) ಚಾರಿತ್ರ್ಯವನ್ನು ಜಗತ್ತಿಗೆ ತೋರಿಸಿಕೊಟ್ಟವರು ಅವರು.

ಪ್ರವಾದಿವರ್ಯರನ್ನು(ಸ) ಪ್ರೀತಿಸದೆ ನಮ್ಮ ಈಮಾನ್ ಪೂರ್ಣವಾಗದು. ಅವರ ನಿಂದನೆ ನಮ್ಮನ್ನು ನೋಯಿಸುತ್ತದೆ, ನೋಯಿಸಬೇಕು ಕೂಡ. ಆದರೆ ಆ ನೋವಿಗೆ ಅವರೇ ತೋರಿದ ಮಾರ್ಗವಿದೆ. ಮುಂದಿನ ಸಲ ಮೊಬೈಲ್‌ನಲ್ಲಿ ಅಂಥದ್ದೊಂದು ಪೋಸ್ಟ್ ಬಂದಾಗ ನಮ್ಮ ಮಗ ಅದನ್ನು ಹತ್ತು ಗುಂಪುಗಳಿಗೆ ಹರಡದೆ ಮೊದಲು ನಮ್ಮ ಬಳಿಗೆ ತರುವಂತಹ ಮನೆ ನಮ್ಮದಾಗಲಿ. ಅಲ್ಲಾಹನು ನಮಗೆ ಸಹನೆಯನ್ನೂ ವಿವೇಕವನ್ನೂ ಕರುಣಿಸಲಿ. ಆಮೀನ್.