ತಾಯಿಯ ಪಾಲಿನ ಇಪ್ಪತ್ತೆರಡು ನಿಮಿಷ



ನಮ್ಮ ಸೀಮೆಯ ತಾಲೀಮುಗಳನ್ನು ಬಲ್ಲವರಿಗೆ ಈ ನೋಟ ಹೊಸದಲ್ಲ. ಮಗನು ಸಾಮು ಮಾಡಿ, ಬೆವರೊರೆಸಿಕೊಂಡು ಮನೆಗೆ ಬರುವ ಹೊತ್ತಿಗೆ ತಾಯಿ ಹಾಲು ಕಾಯಿಸಿ ಇಟ್ಟಿರುತ್ತಾಳೆ. ಅವನ ಮೈಕಟ್ಟನ್ನು ಕಂಡು ಹಿಗ್ಗುತ್ತಾಳೆ. ಆದರೆ ತನ್ನ ಮೈಗೂ ಒಂದಿಷ್ಟು ಸಾಧನೆ ಬೇಕೆಂಬ ವಿಚಾರ ಅವಳ ಮನಸ್ಸಿನಲ್ಲಿ ಸುಳಿಯುವುದಿಲ್ಲ. ಮನೆಯವರ ಮನಸ್ಸಿನಲ್ಲಂತೂ ಇಲ್ಲವೇ ಇಲ್ಲ.

ಜತ್ತ ತಾಲೂಕಿನ ತಿಕೋಂಡಿಯ ಶಿಕ್ಷಕಿಯೊಬ್ಬರ ಮುಂದೆ ಈಚೆಗೆ ಈ ಮಾತು ತೆಗೆದಾಗ ಅವರು ನಕ್ಕುಬಿಟ್ಟರು. “ಅಕ್ಕಾರ, ಮುಂಜಾನೆ ಐದಕ್ಕ ಎದ್ದು ರೊಟ್ಟಿ ಬಡದು, ನೀರು ತುಂಬಿ, ಮಕ್ಕಳನ್ನ ತಯಾರು ಮಾಡಿ ಸಾಲಿಗೆ ಓಡತೀನಿ. ಸಂಜಿಗೆ ಬಂದರ ಮತ್ತ ಒಲಿ ಮುಂದ. ಇನ್ನ ಬ್ಯಾರೆ ವ್ಯಾಯಾಮ ಎದಕ್ಕ ಬೇಕರಿ?”

ಈ ಪ್ರಶ್ನೆಯನ್ನು ನಗೆಯಲ್ಲಿ ತೇಲಿಸಿಬಿಡುವಂತಿಲ್ಲ. ದಣಿವು ಬೇರೆ, ವ್ಯಾಯಾಮ ಬೇರೆ ಎಂಬುದೇ ಅದಕ್ಕೆ ಉತ್ತರ. ಮನೆಗೆಲಸದಲ್ಲಿ ಬೆನ್ನು ಬಾಗುತ್ತದೆ, ಮೊಣಕಾಲು ಸವೆಯುತ್ತದೆ, ಒಂದೇ ಭುಜ ಭಾರ ಹೊರುತ್ತದೆ. ಆದರೆ ಹತ್ತಾರು ನಿಮಿಷ ಎಡೆಬಿಡದೆ ಉಸಿರು ಚುರುಕಾಗುವಂತೆ, ಎದೆಬಡಿತ ಏರುವಂತೆ ಮಾಡುವ ಕೆಲಸ ಅದರಲ್ಲಿ ಕಡಿಮೆ. ನಮ್ಮ ಅಜ್ಜಿಯರು ಬೀಸುವ ಕಲ್ಲು ತಿರುಗಿಸಿದರು, ಬಾವಿಯಿಂದ ನೀರು ಹೊತ್ತರು. ಇಂದು ಗಿರಣಿ ಬಂದಿದೆ, ನಳ ಬಂದಿದೆ, ಮೋಟಾರು ಸೈಕಲ್ಲು ಬಂದಿದೆ. ಬಂದುದು ಒಳ್ಳೆಯದೇ ಆಯಿತು. ಆ ಕಷ್ಟದ ದಿನಗಳು ಮರಳಿ ಬರಲೆಂದು ಯಾರೂ ಹರಸಬೇಕಿಲ್ಲ. ಆದರೆ ಕಲ್ಲಿನೊಡನೆ ಅದು ಕೊಡುತ್ತಿದ್ದ ಕಸುವೂ ಹೋಯಿತು. 2024ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನವೊಂದರ ಅಂದಾಜಿನಂತೆ, 2022ರಲ್ಲಿ ಭಾರತದ ವಯಸ್ಕ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇರಲಿಲ್ಲ. ಪುರುಷರಲ್ಲಿ ಈ ಸಂಖ್ಯೆ 42.

ದ್ರಾಕ್ಷಿ, ದಾಳಿಂಬೆ ತೋಟಗಳಿಗೆ ಕೂಲಿಗೆ ಹೋಗುವ ತಾಯಂದಿರ ಮಾತು ಬೇರೆ. ದಿನವೆಲ್ಲ ದುಡಿದ ಆ ಮೈಗೆ ಮೊದಲು ಬೇಕಾದುದು ವಿಶ್ರಾಂತಿ, ಬಾಗಿದ ಬೆನ್ನನ್ನು ಹಿಂದಕ್ಕೆ ಸಡಿಲಿಸುವ ನಾಲ್ಕು ನಿಮಿಷ. ಇಲ್ಲಿ ನಾನು ಹೇಳುತ್ತಿರುವುದು ಹೆಚ್ಚಾಗಿ ಕುಳಿತು, ನಿಂತು ನೌಕರಿ ಮಾಡುವ ತಾಯಂದಿರನ್ನು ಕುರಿತು.

ಎಷ್ಟು ವ್ಯಾಯಾಮ ಸಾಕು? ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೇಳಿದುದು ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮ; ಅಂದರೆ ದಿನಕ್ಕೆ ಸುಮಾರು 22 ನಿಮಿಷ. ಜೊತೆಗೆ ವಾರದಲ್ಲಿ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ಸಾಧನೆ. ಒಮ್ಮೆಗೆ ಹತ್ತು ನಿಮಿಷವಾದರೂ ಆಗಲೇಬೇಕೆಂಬ ಹಳೆಯ ನಿಯಮವನ್ನು ಆಗ ಕೈಬಿಡಲಾಯಿತು. ಏಳು ನಿಮಿಷದ ಮೂರು ತುಂಡುಗಳೂ ಲೆಕ್ಕಕ್ಕೆ ಬರುತ್ತವೆ. ಕೆಲಸದ ನಡುವಿನ ಶ್ರಮಕ್ಕೂ ಬೆಲೆಯುಂಟೆಂಬುದು ಹೊಸ ಮಾತಲ್ಲ. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ದಿನವೆಲ್ಲ ಮೆಟ್ಟಿಲು ಹತ್ತಿಳಿಯುತ್ತಿದ್ದ ಕಂಡಕ್ಟರರಿಗೆ, ಕುಳಿತೇ ಇರುತ್ತಿದ್ದ ಡ್ರೈವರರಿಗಿಂತ ಹೃದಯರೋಗ ಕಡಿಮೆಯೆಂದು ಜೆರೆಮಿ ಮಾರಿಸ್ ಎಂಬ ವೈದ್ಯರು 1953ರಲ್ಲಿಯೇ ತೋರಿಸಿದ್ದರು.

ಆದುದರಿಂದ ತುಂಡು ತುಂಡಾಗಿಯೇ ಆರಂಭಿಸೋಣ. ಬೇಸಿಗೆಯಲ್ಲಿ ಬಿಸಿಲೇರುವ ಮುನ್ನ ಮಾಳಿಗೆಯ ಮೇಲೆ ಏಳು ನಿಮಿಷ ಬಿರುಸಿನ ನಡಿಗೆ. ಮಾತನಾಡಬಹುದು, ಹಾಡಲು ಉಸಿರು ಸಾಲದು. ಅಷ್ಟು ವೇಗ ಸಾಕು. ಶಾಲೆಯಿಂದ ಬರುವಾಗ ಒಂದು ನಿಲುಗಡೆ ಮೊದಲೇ ಇಳಿದರೆ ಇನ್ನೊಂದು ತುಂಡು. ರಾತ್ರಿ ಊಟಕ್ಕೆ ಮುನ್ನ ಮಕ್ಕಳೊಡನೆ ಅಂಗಳದಲ್ಲಿ ಮತ್ತೊಂದು. ವಾರದಲ್ಲಿ ಎರಡು ದಿನ ಗೋಡೆಗೆ ಅಂಗೈಯೂರಿ ಹತ್ತು ಸಲ ಮೈಯನ್ನು ತಳ್ಳುವುದು. ಕುರ್ಚಿಯಿಂದ ಕೈಯೂರದೆ ಹತ್ತು ಸಲ ಎದ್ದು ಕೂಡುವುದು. ನಲವತ್ತು ದಾಟಿದವರ ಎಲುಬಿಗೂ ತೊಡೆಗೂ ಇದು ಹಿತ. ಬಾಣಂತಿಯರು, ರಕ್ತದೊತ್ತಡ ಇಲ್ಲವೆ ಎದೆನೋವು ಉಳ್ಳವರು ವೈದ್ಯರನ್ನು ಕೇಳಿಯೇ ತೊಡಗಬೇಕು.

ವ್ಯಾಯಾಮ ಗಂಡಸರ ಸೊತ್ತೆಂದು ಮೂಗು ಮುರಿಯುವವರಿಗೆ ನಮ್ಮ ನೆರೆಯ ನಿದರ್ಶನವನ್ನೇ ಕೊಡಬಹುದು. ಜತ್ತದಂತೆ ಔಂಧವೂ ಸಾತಾರೆಯ ಜಹಗೀರುಗಳಲ್ಲೊಂದಾಗಿತ್ತು. ಇಂದು ನಮ್ಮ ಜಿಲ್ಲೆಯಲ್ಲಿರುವ ಆಟಪಾಡಿ ಆ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿಯ ಅರಸರಾದ ಬಾಳಾಸಾಹೇಬ ಪಂತ ಪ್ರತಿನಿಧಿಯವರು ಸೂರ್ಯನಮಸ್ಕಾರವನ್ನು ತಾವು ಮಾಡಿದುದಲ್ಲದೆ ಶಾಲೆಯ ಮಕ್ಕಳಿಗೂ ಕಲಿಸಿದರು. ಹುಡುಗಿಯರೂ ಅದರಿಂದ ಹೊರಗುಳಿಯಲಿಲ್ಲ. ಅದನ್ನು ಕುರಿತ ಅವರ ಇಂಗ್ಲಿಷ್ ಪುಸ್ತಕ 1938ರಲ್ಲಿ ಹೊರಬಂದಿತು. ಮಂತ್ರ ಹೇಳುವುದು, ಬಿಡುವುದು ಅವರವರ ನಂಬಿಕೆ. ಹಾಸಿಗೆಯಷ್ಟು ಜಾಗದಲ್ಲಿ, ಕಾಸಿನ ಖರ್ಚಿಲ್ಲದೆ ಮಾಡಬಹುದಾದ ಸಾಧನೆ ಅದು.

ಇನ್ನುಳಿದುದು ಹೊತ್ತಿನ ಪ್ರಶ್ನೆ. ಅದನ್ನು ನಿದ್ದೆಯಿಂದ ಕದಿಯಬೇಡಿರಿ. ಐದಕ್ಕೆ ಏಳುವವಳು ನಾಲ್ಕೂವರೆಗೆ ಏಳಲಿ ಎಂಬ ಉಪದೇಶ ಸುಲಭ, ಆದರೆ ಅದು ನ್ಯಾಯವಲ್ಲ. 2019ರ ಸರಕಾರಿ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಸ್ತ್ರೀಯರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಆ ಕೆಲಸಕ್ಕೆ ಕೈಹಾಕುವ ಪುರುಷರು ಕೊಡುತ್ತಿದ್ದುದು 97 ನಿಮಿಷ. ತಾಯಿಗೆ ಸಲ್ಲಬೇಕಾದ 22 ನಿಮಿಷ ಅಡಗಿರುವುದು ಈ ಅಂತರದಲ್ಲಿ. ಯಜಮಾನರು ನೀರು ತುಂಬಲಿ, ಮಗ ತಾಟು ತೊಳೆಯಲಿ, ಅತ್ತೆಯವರು “ನಡಿಯವ್ವ, ಅಷ್ಟೊತ್ತು ಕೂಸಿನ್ನ ನಾ ನೋಡತೀನಿ” ಎನ್ನಲಿ. ಒಂದು ಮನೆಯ ಸೊಸೆ ಮಾಳಿಗೆ ಏರಿದರೆ ಊರು ನಾಲ್ಕು ದಿನ ಮಾತನಾಡೀತು. ನಾಲ್ವರು ಸೊಸೆಯರು ಕೂಡಿ ನಡೆದರೆ ಆ ಮಾತೂ ನಿಂತೀತು.

ತಿಕೋಂಡಿಯ ಆ ಸೋದರಿ ಕೊನೆಗೆ, “ಮನ್ಯಾಗ ಕೇಳಿ ನೋಡತೀನ್ರಿ” ಎಂದರು. ಆ ಮನೆಯವರು ಹೂಂ ಎನ್ನಲಿ. ಅವರು ಮಾಳಿಗೆಯಿಂದ ಇಳಿದು ಬರುವ ಹೊತ್ತಿಗೆ ಮಗನೇ ಹಾಲು ಕಾಯಿಸಿ ಇಟ್ಟಿರಲಿ.