ಬಿಸಿಲ ನಾಡಿನ ತಣ್ಣನೆಯ ಇಂಜಿನು

ಮೇ ತಿಂಗಳ ಒಂದು ಮಧ್ಯಾಹ್ನ. ಯಾದಗಿರಿಯ ಕೋಟೆ ಬೆಟ್ಟದ ಕೆಳಗಿನ ಮನೆಯೊಂದರ ಮುಂದೆ ಹೊಸ ಸ್ಪೋರ್ಟ್ಸ್ ಕಾರೊಂದು ನಿಂತಿದೆ ಎಂದಿಟ್ಟುಕೊಳ್ಳಿ. ಬೆಂಗಳೂರಿನಿಂದ ರಜೆಗೆ ಬಂದಿರುವ ತರುಣನು ಅದರ ಒಡೆಯ. ಶಹಾಪುರದ ಮಾರ್ಗವಾಗಿ ಸುರಪುರದ ಸೋದರತ್ತೆಯ ಮನೆಗೆ ಅವನ ಪಯಣ. ಪಕ್ಕದ ಆಸನದಲ್ಲಿ ಅವನ ಕಾಕಾ; ಲಾರಿ ನಡೆಸಿಯೇ ತಲೆ ನರೆತವರು. ಕೀಲಿ ತಿರುಗಿಸಿದ ಮರುಕ್ಷಣವೇ ತರುಣನ ಕಾಲು ಆಕ್ಸಿಲರೇಟರಿನ ಮೇಲೆ ಬಲವಾಗಿ ಊರುತ್ತದೆ. ಇಂಜಿನು ಗರ್ಜಿಸುತ್ತದೆ. ಕಾಕಾ ಕೈಯೆತ್ತಿ ತಡೆಯುತ್ತಾರೆ.

“ಈ ಬಿಸಲಾಗ ಇಂಜಿನ್ ಥಂಡ್ ಎಲ್ಲಿರ್ತದ, ಕಾಕಾ?”

“ಹೊರಗ ಬಿಸಲು ಅದ ಖರೆ, ತಮ್ಮಾ. ಒಳಗ ಆಯಿಲ್ ಇನ್ನಾ ಥಂಡೇ ಅದ.”

ತರುಣನು ನಗಬಹುದು, ಆದರೆ ಸತ್ಯವು ಕಾಕಾನ ಪಕ್ಷದಲ್ಲಿದೆ. ತೈಲದ ಸ್ನಿಗ್ಧತೆಯನ್ನು, ಎಂದರೆ ಅದು ಎಷ್ಟು ಮಂದವಾಗಿ ಹರಿಯುತ್ತದೆ ಎಂಬುದನ್ನು, ತಯಾರಕರು ಎರಡು ಉಷ್ಣತೆಗಳಲ್ಲಿ ಅಳೆದು ಪ್ರಕಟಿಸುತ್ತಾರೆ: ಒಂದು 40 ಡಿಗ್ರಿ ಸೆಲ್ಸಿಯಸ್, ಇನ್ನೊಂದು 100 ಡಿಗ್ರಿ. ಮೊದಲನೆಯದು ಯಾದಗಿರಿಯ ಬೇಸಿಗೆಯ ಮಧ್ಯಾಹ್ನವೇ ಸರಿ. ಎರಡನೆಯದು ಓಡುತ್ತಿರುವ ಇಂಜಿನಿನ ಒಳಗಿನ ಸ್ಥಿತಿಗೆ ಸಮೀಪವಾದುದು. ಇಂದಿನ ಕಾರುಗಳಲ್ಲಿ ಬಳಸುವ ಸಾಮಾನ್ಯ ತೈಲವು 100 ಡಿಗ್ರಿಯಲ್ಲಿರುವುದಕ್ಕಿಂತ 40 ಡಿಗ್ರಿಯಲ್ಲಿ ಸುಮಾರು ಆರು ಪಟ್ಟು ಮಂದವಾಗಿರುತ್ತದೆ. ಮನುಷ್ಯನಿಗೆ ಸಹಿಸಲಾರದ ಸೆಖೆಯು ಇಂಜಿನಿಗೆ ಇನ್ನೂ ಮುಂಜಾವಿನ ಚಳಿ!

ಲೋಹಗಳ ಕಥೆಯೂ ಇಂಥದೇ. ಪಿಸ್ಟನ್ನು ಅಲ್ಯೂಮಿನಿಯಮಿನದು, ಅನೇಕ ಇಂಜಿನುಗಳಲ್ಲಿ ಸಿಲಿಂಡರಿನ ಒಳಗೋಡೆ ಎರಕದ ಕಬ್ಬಿಣದ್ದು. ಕಾಯಿಸಿದಾಗ ಅಲ್ಯೂಮಿನಿಯಮು ಕಬ್ಬಿಣಕ್ಕಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ಆದುದರಿಂದ ಪಿಸ್ಟನ್ನನ್ನು ತಣ್ಣಗಿರುವಾಗ ತುಸು ಅಂಡಾಕಾರವಾಗಿರುವಂತೆಯೇ ರೂಪಿಸಿರುತ್ತಾರೆ. ಬಿಸಿಯೇರಿದ ಮೇಲೆ ಅದು ತನ್ನ ಸರಿಯಾದ ಆಕಾರವನ್ನು ಪಡೆಯುತ್ತದೆ. ಅದಕ್ಕೆ ಮೊದಲೇ ಪೂರ್ಣ ಬಲದಿಂದ ಓಡಿಸಿದರೆ ಕೂದಲೆಳೆಯಷ್ಟು ಅಂತರದಲ್ಲಿ ಲೋಹವು ಲೋಹವನ್ನು ಉಜ್ಜುತ್ತದೆ. ಸವೆತವು ಒಂದು ದಿನದಲ್ಲಿ ಕಾಣಿಸದು. ಕೆಲವು ವರ್ಷಗಳ ಬಳಿಕ ಹೊಗೆಯಾಗಿ, ತೈಲದ ಖರ್ಚಾಗಿ, ಕೊನೆಗೆ ಮಿಸ್ತ್ರಿಯ ದೊಡ್ಡ ಬಿಲ್ಲಾಗಿ ಬಂದು ನಿಲ್ಲುತ್ತದೆ.

ಯಂತ್ರವು ಸೂಕ್ಷ್ಮವಾದಷ್ಟೂ ಈ ನಿಯಮ ಕಠಿಣವಾಗುತ್ತದೆ. 2011ರ ಅಕ್ಟೋಬರಿನಲ್ಲಿ ಗ್ರೇಟರ್ ನೋಯ್ಡಾದ ಬುದ್ಧ ಪಥದಲ್ಲಿ ಭಾರತದ ಮೊದಲ ಫಾರ್ಮುಲಾ ಒನ್ ಸ್ಪರ್ಧೆ ನಡೆಯಿತು. ಅಂಥ ಕಾರುಗಳ ಇಂಜಿನನ್ನು ತಣ್ಣಗಿರುವಾಗ ಚಾಲೂ ಮಾಡುವಂತೆಯೇ ಇಲ್ಲ; ಹೊರಗಿನಿಂದ ಬಿಸಿ ದ್ರವವನ್ನು ಹರಿಸಿ, ಅದನ್ನು ಹದಕ್ಕೆ ತಂದು, ಆಮೇಲೆಯೇ ಎಬ್ಬಿಸಬೇಕು. ಬಿ.ಎಂ.ಡಬ್ಲ್ಯು. ಕಂಪೆನಿಯ ಎಂ ಶ್ರೇಣಿಯ ಕೆಲವು ಕಾರುಗಳಲ್ಲಿ ಇಂಜಿನಿನ ಸುತ್ತು ತೋರಿಸುವ ಮಾಪಕದ ಅಂಚಿಗೆ ಪುಟ್ಟ ದೀಪಗಳಿರುತ್ತವೆ. ತೈಲ ಬಿಸಿಯಾದಂತೆ ಅವು ಒಂದೊಂದಾಗಿ ಆರುತ್ತವೆ. ಉರಿಯುತ್ತಿರುವಷ್ಟು ಕಾಲ ಇಂಜಿನನ್ನು ಆ ಗೆರೆಯಾಚೆ ಓಡಿಸಬಾರದೆಂದು ಸೂಚನೆ.

ಹಾಗಾದರೆ ಮನೆಯ ಮುಂದೆ ಹತ್ತು ನಿಮಿಷ ಇಂಜಿನನ್ನು ಸುಮ್ಮನೆ ಉರಿಸುತ್ತ ನಿಲ್ಲಬೇಕೆ? ಬೇಡ. ನಿಂತಲ್ಲೇ ಅದು ಬಹು ನಿಧಾನವಾಗಿ ಕಾಯುತ್ತದೆ. ಅಷ್ಟರವರೆಗೆ ಹೆಚ್ಚಾಗಿ ಸುರಿದ ಪೆಟ್ರೋಲು ಸಿಲಿಂಡರಿನ ಗೋಡೆಗೆ ಅಂಟಿದ ತೈಲವನ್ನೇ ತೊಳೆದುಬಿಡುತ್ತದೆ. ಅರ್ಧ ನಿಮಿಷ ಸಾಕು. ತೈಲದ ಒತ್ತಡದ ದೀಪ ಆರಿರಲಿ. ಬಳಿಕ ಮೆಲ್ಲನೆ ಹೊರಡಬೇಕು. ಪೇಟೆಯನ್ನೂ ಭೀಮೆಯ ಸೇತುವೆಯನ್ನೂ ದಾಟುವವರೆಗೆ ಇಂಜಿನು ಮಿನಿಟಿಗೆ 3,000 ಸುತ್ತನ್ನು ಮೀರದಿದ್ದರೆ ಲೇಸು. ಮೇಲಿನ ಗೇರಿನಲ್ಲಿಟ್ಟು ಅದಕ್ಕೆ ಏದುಸಿರು ಬಿಡಿಸುವುದೂ ಕೂಡದು.

ಇಲ್ಲಿಯೇ ಬಹುಮಂದಿ ಮೋಸಹೋಗುವರು. ಮಾಪಕದ ಮುಳ್ಳು ನಡುವಿಗೆ ಬಂದು ನಿಂತೊಡನೆ ಎಲ್ಲವೂ ಬಿಸಿಯಾಯಿತೆಂದು ತಿಳಿಯುತ್ತಾರೆ. ಸಾಮಾನ್ಯವಾಗಿ ಆ ಮುಳ್ಳು ಹೇಳುವುದು ನೀರಿನ ಸಮಾಚಾರವನ್ನು, ತೈಲದ್ದನ್ನಲ್ಲ. ನೀರು ಮೊದಲು ಕಾಯುತ್ತದೆ. ತೈಲಕ್ಕೆ ಇನ್ನೂ ಹಲವು ನಿಮಿಷ ಬೇಕು. ಮುಳ್ಳು ನಿಂತ ಮೇಲೆಯೂ ಏಳೆಂಟು ಕಿಲೋಮೀಟರು ತಾಳ್ಮೆಯಿರಬೇಕು. ಡಿಸೆಂಬರಿನ ನಸುಕಿನಲ್ಲಾದರೆ ಇನ್ನೂ ಹೆಚ್ಚು.

ಆದರೆ ತಾಳ್ಮೆಗೂ ಒಂದು ಮೇರೆಯುಂಟು. ನಡುರಾತ್ರಿ ಮನೆಯಲ್ಲಿ ಎದೆನೋವೆಂದು ಯಾರೋ ನರಳುತ್ತಿರುವಾಗ ಇಂಜಿನಿನ ಲೆಕ್ಕ ಹಾಕುತ್ತ ಕೂರುವುದು ಸಲ್ಲದು. ಆಗ ಚಾಲೂ ಮಾಡಿ ಹೊರಟೇಬಿಡಬೇಕು. ಇಂಜಿನನ್ನು ಮಿಸ್ತ್ರಿ ಮತ್ತೆ ಕಟ್ಟಿಕೊಟ್ಟಾನು.

ಇತ್ತ ನಮ್ಮ ತರುಣ ಕಾಕಾನ ಮಾತಿಗೆ ಒಪ್ಪಿದ್ದಾನೆ. ಶಹಾಪುರದ ಬಳಿ, ಮಲಗಿದ ಬುದ್ಧನಂತೆ ತೋರುವ ಬೆಟ್ಟಸಾಲು ಕಣ್ಣಿಗೆ ಬೀಳುವ ಹೊತ್ತಿಗೆ ಇಂಜಿನಿನ ದನಿಯೇ ಬದಲಾಗಿದೆ. ಒರಟುತನ ಹೋಗಿ ನುಣುಪು ಬಂದಿದೆ. ತೆರವಾದ ದಾರಿಯಲ್ಲಿ, ಕಾಯಿದೆಯ ಮಿತಿಯೊಳಗೆ, ಕಾಲನ್ನು ಊರಿದರೂ ಅದು ಈಗ ಗೊಣಗದು. ಸುರಪುರದ ಗುಡ್ಡಗಳು ಎದುರಾದಾಗ ಮತ್ತೆ ನಿಧಾನ. ಟರ್ಬೋ ಇರುವ ಇಂಜಿನಿನಲ್ಲಿ ಮಿನಿಟಿಗೆ ಲಕ್ಷ ಸುತ್ತನ್ನೂ ಮೀರಿ ತಿರುಗಬಲ್ಲ ಚಕ್ರವಿರುತ್ತದೆ. ಬಿರುಸಾಗಿ ಓಡಿಸಿ ಥಟ್ಟನೆ ಆರಿಸಿದರೆ ಅದರ ಬುಡದಲ್ಲಿ ನಿಂತ ತೈಲ ಸುಟ್ಟು ಕರಿಯಾಗುತ್ತದೆ. ಕೊನೆಯ ಒಂದೆರಡು ಕಿಲೋಮೀಟರು ಮೆಲ್ಲನೆ ಸಾಗಿದರೆ ಆ ಭಯವಿಲ್ಲ.

ಅತ್ತೆಯ ಮನೆಯ ಬಾಗಿಲಲ್ಲಿ ಕಾಲಿಗೆ ನೀರು ಕೊಟ್ಟು, ಅವರು ತುಸು ದಣಿವಾರಿಸಿಕೊಂಡ ಬಳಿಕವೇ ಊಟಕ್ಕೆ ಎಬ್ಬಿಸುತ್ತಾರೆ. ಯಂತ್ರಕ್ಕೂ ಅಷ್ಟೇ ಉಪಚಾರ ಸಾಕು.