ಅಗ್ಗದ ಬೀಡಿಯ ಬೆಲೆ ತೆರುವವರು ಯಾರು?

“ಬೀಡಿ ಬಡವರ ವಸ್ತು; ಅದರ ಮೇಲೆ ಕರ ಹೇರುವುದು ಬಡವರ ಹೊಟ್ಟೆಯ ಮೇಲೆ ಹೊಡೆದಂತೆ” ಎಂಬ ಮಾತನ್ನು ಸೊಲ್ಲಾಪುರದಲ್ಲಿ ನಾವು ಬಹುಕಾಲದಿಂದ ಕೇಳುತ್ತ ಬಂದಿದ್ದೇವೆ. ಇದು ಕರುಣೆಯ ಮಾತೆಂದೇ ತೋರುತ್ತದೆ. ಆದರೆ ಮಕ್ಕಳಿಗೆ ಲೆಕ್ಕ ಕಲಿಸುವ ನಾವು ಈ ಲೆಕ್ಕವನ್ನೂ ಒಮ್ಮೆ ಬಿಡಿಸಿ ನೋಡಬೇಡವೇ?

ಬೀಡಿ ಅಗ್ಗವಾಗಿರಲು ಕಾರಣಗಳು ಎರಡು. ಮೊದಲನೆಯದು ಕೂಲಿ. ಹೆಂಗಸರು ಮನೆಯಲ್ಲಿಯೇ ಕುಳಿತು ಬೀಡಿ ಸುತ್ತುತ್ತಾರೆ. ಕೂಲಿ ಸಾವಿರದ ಲೆಕ್ಕದಲ್ಲಿ. ಮನೆಯೇ ಕಾರ್ಖಾನೆಯಾದುದರಿಂದ ಮಾಲಿಕನಿಗೆ ಬಾಡಿಗೆಯ ಚಿಂತೆಯಿಲ್ಲ, ದೀಪದ ಖರ್ಚಿಲ್ಲ. ಎಷ್ಟೋ ಕಡೆ ಕೊಟ್ಟ ಎಲೆ ಸಾಲದಿದ್ದರೆ ಆಕೆಯೇ ಕೊಂಡು ತರಬೇಕು. ಚೆನ್ನಾಗಿಲ್ಲವೆಂದು ತೆಗೆದುಹಾಕಿದ ಬೀಡಿಗೆ ಕೂಲಿಯಿಲ್ಲ. ಎರಡನೆಯದು ಕರ. 2017ರಲ್ಲಿ ಜಿ.ಎಸ್.ಟಿ. ಬಂದಾಗ ಸಿಗರೇಟಿಗೆ ಶೇಕಡಾ 28ರ ಮೇಲೆ ಪರಿಹಾರ ಸೆಸ್ಸನ್ನೂ ವಿಧಿಸಿದರು, ಬೀಡಿಗೆ ಸೆಸ್ಸಿಲ್ಲ. 2025ರ ಸೆಪ್ಟೆಂಬರಿನಲ್ಲಿ ಸಿಗರೇಟಿನ ದರವನ್ನು 40ಕ್ಕೆ ಏರಿಸಲು, ಬೀಡಿಯದನ್ನು 28ರಿಂದ 18ಕ್ಕೆ ಇಳಿಸಲು ಜಿ.ಎಸ್.ಟಿ. ಮಂಡಳಿ ನಿರ್ಣಯಿಸಿತು.

ಹೀಗೆ ಉಳಿದ ಹಣದ ಭಾರ ಎಲ್ಲಿಗೆ ಬಿತ್ತು? 1976ರ ಕಾನೂನಿನಂತೆ ಬೀಡಿಯ ಮೇಲೊಂದು ಸೆಸ್ಸಿತ್ತು. ಕಾರ್ಮಿಕರ ಔಷಧೋಪಚಾರ, ಅವರ ಮಕ್ಕಳ ವಿದ್ಯಾರ್ಥಿವೇತನ ಅದರಿಂದ ನಡೆಯುತ್ತಿದ್ದವು. 2017ರಲ್ಲಿ ಅದು ರದ್ದಾಯಿತು; ಈಗ ಆ ವೆಚ್ಚ ಸಾಮಾನ್ಯ ಬೊಕ್ಕಸದ್ದು. 2006ರಲ್ಲಿ ಕುಂಭಾರಿಯಲ್ಲಿ ಬೀಡಿ ಕಾರ್ಮಿಕ ಮಹಿಳೆಯರಿಗೆ ಹತ್ತು ಸಾವಿರ ಮನೆಗಳಾದವು. ಹಣ ತೆತ್ತವರು ಕೇಂದ್ರ ಸರಕಾರ, ರಾಜ್ಯ ಸರಕಾರ ಮತ್ತು ಬೀಡಿ ಸುತ್ತುವ ಆ ಹೆಂಗಸರೇ. 2024ರ ಜನವರಿಯಲ್ಲಿ ರೇ ನಗರದಲ್ಲಿ ಬೀಡಿ, ಮಗ್ಗ ಮುಂತಾದ ಕೆಲಸಗಳ ಕೂಲಿಕಾರರಿಗೆ ಇನ್ನೂ 15,000 ಮನೆಗಳು ದೊರೆತವು. ಆ ಮನೆಗಳನ್ನು ನಾವು ಹಳಿಯುವುದಿಲ್ಲ; ಅವು ಹೋರಾಡಿ ಪಡೆದವು. ಆದರೆ ಜೀವಮಾನವೆಲ್ಲ ದುಡಿದವಳು ಬೊಕ್ಕಸದ ನೆರವಿಲ್ಲದೆ ತಲೆಯ ಮೇಲೊಂದು ಸೂರು ಕಾಣಲಾರಳೆಂದರೆ, ಆ ನೆರವು ನಿಜವಾಗಿ ಸಂದದ್ದು ಆಕೆಗೋ, ಆಕೆಗೆ ಅರೆಕೂಲಿ ಕೊಟ್ಟವನಿಗೋ? ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ!

ಯಾವ ಖಾತೆಯಲ್ಲಿಯೂ ಬರೆಯದ ವೆಚ್ಚ ಇನ್ನೊಂದಿದೆ. ತಂಬಾಕಿನ ಧೂಳಿನಿಂದ ತಾಯಿಗೆ ಕೆಮ್ಮು. ಸಾವಿರ ಮುಗಿಯಲೆಂದು ಮಗಳು ರಾತ್ರಿ ಕಟ್ಟು ಕಟ್ಟುತ್ತಾಳೆ, ಬೆಳಿಗ್ಗೆ ನಮ್ಮ ತರಗತಿಯಲ್ಲಿ ತೂಕಡಿಸುತ್ತಾಳೆ, ಒಂದು ದಿನ ಬರುವುದನ್ನೇ ಬಿಡುತ್ತಾಳೆ. ಆಮೇಲೆ “ಕನ್ನಡ ಶಾಲೆಗೆ ಮಕ್ಕಳೇ ಇಲ್ಲ” ಎಂಬ ಆಕ್ಷೇಪಣೆಗೆ ಉತ್ತರ ಹೇಳಬೇಕಾದವರು ನಾವು!

ಕರ ಹೆಚ್ಚಿದರೆ ಕೆಲಸ ಹೋದೀತೆಂಬ ಭಯ ಸುಳ್ಳೆಂದು ನಾವು ಹೇಳುವುದಿಲ್ಲ. ಆದುದರಿಂದಲೇ, ಏರಿಸಿದ ಕರ ಬೀಡಿ ಸುತ್ತುವವಳ ಆರೋಗ್ಯಕ್ಕೆ, ಆಕೆಗೆ ಬೇರೆ ಕಸುಬು ಕಲಿಸುವುದಕ್ಕೆ, ಮಗಳ ಓದಿಗೆ ಮೀಸಲಾಗಲಿ. ಸರಕಾರ ಗೊತ್ತುಪಡಿಸಿದ ಕನಿಷ್ಠ ಕೂಲಿ ಪೂರ್ತಿಯಾಗಿ ಆಕೆಯ ಕೈಸೇರಲಿ. ಇಷ್ಟು ವರ್ಷ ಕರ ಕಡಿಮೆಯೇ ಇದ್ದಿತು. ಅದರಿಂದ ಆಕೆಯ ಬಡತನ ನೀಗಿತೇ?

ಉಪಾಧ್ಯಾಯ ಬಂಧುಗಳೇ, ವಿದ್ಯಾರ್ಥಿವೇತನದ ಅರ್ಜಿಗಳನ್ನು ತುಂಬಿಸಿದೊಡನೆ ನಮ್ಮ ಹೊಣೆ ಮುಗಿಯದು. ಆ ಹಣವನ್ನು ಕೊಡಬೇಕಾದವರು ಯಾರೆಂದು ಕೇಳುವುದೂ ನಮ್ಮ ಹೊಣೆಯೇ.